ಯಾರು ಹೇಳಿದರೆ ನೋವು ನಿಜ?

ನೋವು ಎಷ್ಟಿದೆ ಅಂತ ಹೇಳುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ರೋಗಿ ಹೇಳಬೇಕು, ವೈದ್ಯರು ನಂಬಬೇಕು. ಯಾರ ಮಾತನ್ನು ನಂಬುತ್ತೇವೆ ಅನ್ನುವಲ್ಲೇ ತೊಂದರೆ ಶುರುವಾಗುತ್ತದೆ.

ಸಿಕಲ್ ಸೆಲ್ ಕಾಯಿಲೆಯಲ್ಲಿ ಇದು ಎದ್ದು ಕಾಣುತ್ತದೆ. ನಮ್ಮಲ್ಲಿ ಚಾಮರಾಜನಗರ, ಮೈಸೂರು, ಕೊಡಗಿನ ಸೋಲಿಗ, ಜೇನುಕುರುಬ ಮುಂತಾದ ಬುಡಕಟ್ಟುಗಳಲ್ಲಿ ಈ ಕಾಯಿಲೆ ಇದೆ. ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಮೂಳೆಗೆ ರಕ್ತ ತಲುಪದೆ ವಿಪರೀತ ನೋವು ಬರುತ್ತದೆ. ಹೊರಗೆ ಗಾಯವಿಲ್ಲ. ಎಕ್ಸ್‌ರೇಯಲ್ಲೂ ಎಷ್ಟೋ ಸಲ ಏನೂ ಕಾಣುವುದಿಲ್ಲ.

ಹಾಡಿಯಿಂದ ಬಂದ ಹುಡುಗ ಕೂಗಿದರೆ "ನಾಟಕ ಮಾಡ್ತಾನೆ" ಅನ್ನುತ್ತಾರೆ. ಸುಮ್ನೆ ಮಲಗಿದರೆ "ಕಾಡಿನ ಜನ ಗಟ್ಟಿ, ತಡ್ಕೋತಾರೆ" ಅನ್ನುತ್ತಾರೆ. "ಹೋದ ಸಲ ಈ ಇಂಜೆಕ್ಷನ್‌ಗೆ ಕಡಿಮೆ ಆಯ್ತು ಸಾರ್" ಅಂತ ಹೆಸರು ಹೇಳಿದರಂತೂ ಆ ಔಷಧಿಯ ಚಟ ಹತ್ತಿದೆ ಅನ್ನುವ ಅನುಮಾನ. ಸಕ್ಕರೆ ಕಾಯಿಲೆಯವರು ತಮ್ಮ ಇನ್ಸುಲಿನ್ ಎಷ್ಟು ಯೂನಿಟ್ ಅಂತ ಹೇಳಿದರೆ ಮೆಚ್ಚುತ್ತೇವೆ, ಅಲ್ವಾ? ವರ್ಷಗಟ್ಟಲೆ ನೋವು ತಿಂದವರು ಅಲುಗಾಡದೆ ಇರುವುದನ್ನು ಕಲಿತಿರುತ್ತಾರೆ. ಅವರ ನಾಡಿ, ಬಿಪಿ ಸರಿಯಾಗಿದ್ದರೂ ನೋವು ಇರಬಹುದು.

ಅಮೆರಿಕದಲ್ಲಿ ಈ ಕಾಯಿಲೆ ಹೆಚ್ಚಾಗಿ ಕಪ್ಪು ಜನರಿಗೆ ಬರುತ್ತದೆ. ಚಟದ ಅನುಮಾನ ಅಲ್ಲೂ ಅವರ ಬೆನ್ನು ಬಿಟ್ಟಿಲ್ಲ. ಬೇರೆ ನೋವುಗಳಲ್ಲೂ ಹೀಗೇ. ಅಟ್ಲಾಂಟಾದಲ್ಲಿ ಕೈಕಾಲಿನ ಮೂಳೆ ಮುರಿದು ಬಂದವರ ದಾಖಲೆಗಳನ್ನು ನೋಡಿದ ಅಧ್ಯಯನವೊಂದು 2000ರಲ್ಲಿ ಪ್ರಕಟವಾಯಿತು. ಬಿಳಿಯರಲ್ಲಿ ಶೇ. 74 ಮಂದಿಗೆ ನೋವಿನ ಔಷಧಿ ಸಿಕ್ಕಿತ್ತು, ಕಪ್ಪು ಜನರಲ್ಲಿ ಶೇ. 57 ಮಂದಿಗೆ ಮಾತ್ರ. 2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಬಿಳಿಯ ವೈದ್ಯ ವಿದ್ಯಾರ್ಥಿಗಳನ್ನು, ಕಿರಿಯ ವೈದ್ಯರನ್ನು ಕೇಳಿ ನೋಡಿದರು. ಕಪ್ಪು ಜನರ ಚರ್ಮ ದಪ್ಪ ಅನ್ನುವಂಥ ಒಂದಾದರೂ ಸುಳ್ಳನ್ನು ಸುಮಾರು ಅರ್ಧ ಜನ ನಂಬಿದ್ದರು. ಅವರು ಓದಿನಲ್ಲಿ ದಡ್ಡರೂ ಅಲ್ಲ, ಕ್ರೂರಿಗಳೂ ಅಲ್ಲ. ನನಗೆ ಹೆಚ್ಚು ಭಯ ಹುಟ್ಟಿಸುವುದು ಅದೇ.

ಇಂಥ ವಿಪರೀತ ನೋವಿಗೆ ಕೊಡುವ ಮಾರ್ಫಿನ್ ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ, ಅದು ಬೇರೆಯೇ ಸಮಸ್ಯೆ. ಇರುವ ಕಡೆಯಾದರೂ ತಡವಾಗಬಾರದು. ಬಂದ ಒಂದು ಗಂಟೆಯೊಳಗೆ ಔಷಧಿ ಕೊಟ್ಟು, ಮತ್ತೆ ಅರ್ಧ-ಒಂದು ಗಂಟೆಗೊಮ್ಮೆ ನೋವು ವಿಚಾರಿಸಬೇಕು ಅಂತ ಅಮೆರಿಕದ ರಕ್ತರೋಗ ತಜ್ಞರ ಸಂಘ 2020ರಲ್ಲೇ ಹೇಳಿದೆ. ಕೇಸ್ ಶೀಟಿನಲ್ಲಿ ಬಂದ ಸಮಯ, ಸೊನ್ನೆಯಿಂದ ಹತ್ತರೊಳಗೆ ನೋವಿನ ಅಂಕ, ಔಷಧಿ ಕೊಟ್ಟ ಸಮಯ ಬರೆಯಿರಿ. ಬರೆದಿಟ್ಟರೆ ಯಾರನ್ನು ಎಷ್ಟು ಹೊತ್ತು ಕಾಯಿಸಿದೆವು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಒಮ್ಮೆ ಬೈಸಿಕೊಂಡವರು ಮುಂದಿನ ಸಲ ಮನೆಯಲ್ಲೇ ನರಳುತ್ತಾರೆ. ಸಿಕಲ್ ಸೆಲ್ ಇರುವವರಲ್ಲಿ ನೋವಿನ ಜೊತೆ ಜ್ವರ, ಎದೆನೋವು, ಏದುಸಿರು ಬಂದರೆ ಶ್ವಾಸಕೋಶಕ್ಕೆ ಪೆಟ್ಟು ಬಿದ್ದಿರಬಹುದು. ಇದು ಜೀವ ತೆಗೆಯಬಲ್ಲದು. ಆಗ ಯಾರು ಏನಂದಾರು ಅಂತ ನೋಡದೆ ಹಳೆಯ ಡಿಸ್ಚಾರ್ಜ್ ಚೀಟಿ ಹಿಡಿದು ಆಸ್ಪತ್ರೆಗೆ ಹೊರಡಿ.