2015ರೊಳಗೆ 11 ಸಾವಿರ: ವಿಸ್ಕಾನ್ಸಿನ್‌ನ ಧಾರ್ಮಿಕ ಸಭೆಗಳು ಮತ್ತು ಸೆರೆಮನೆ ಸುಧಾರಣೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಧಾರ್ಮಿಕ ಸಭೆಗಳು, ಅಂದರೆ ಒಂದೊಂದು ಆರಾಧನಾಲಯದ ಭಕ್ತಸಮುದಾಯಗಳು, ಕೈದಿಗಳ ಸಂಖ್ಯೆ ಇಳಿಸಲು ನಡೆಸಿದ ಅಭಿಯಾನದ ಕಥೆಯನ್ನು ಓದುವ ಮೊದಲು ಎರಡು ಪದಗಳನ್ನು ಬಿಡಿಸಿಕೊಳ್ಳಬೇಕು. ನಮ್ಮ ಬಳಕೆಯ ಅರ್ಥವನ್ನೇ ಇಟ್ಟುಕೊಂಡರೆ ವಾದ ಕೈತಪ್ಪುತ್ತದೆ. ನಾವು ಎಲ್ಲ ಸೆರೆಮನೆಗಳನ್ನೂ ಜೈಲು ಎನ್ನುತ್ತೇವೆ. ಅಲ್ಲಿ ಜೈಲು ಎಂದರೆ ವಿಚಾರಣಾಧೀನರನ್ನೂ ಅಲ್ಪಾವಧಿ ಶಿಕ್ಷೆಯವರನ್ನೂ ಇರಿಸುವ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಮಟ್ಟದ ಬಂದೀಖಾನೆ. ದೀರ್ಘ ಶಿಕ್ಷೆಯವರು ಹೋಗುವುದು ರಾಜ್ಯದ ಪ್ರಿಸನ್‌ಗೆ. ನಮ್ಮಲ್ಲಿ ಪೆರೋಲ್ ಕೆಲವು ದಿನಗಳ ರಜೆಯಾದರೆ, ಅಲ್ಲಿ ಅದು ಅವಧಿ ಮುಗಿಯುವ ಮೊದಲೇ ಮೇಲ್ವಿಚಾರಣೆಯ ಷರತ್ತಿನ ಮೇಲೆ ದೊರೆಯುವ ಬಿಡುಗಡೆ.

ವಿಸ್ಡಮ್ ಎಂಬುದು ವಿಸ್ಕಾನ್ಸಿನ್‌ನ ಊರೂರಿನ ಸರ್ವಧರ್ಮ ಒಕ್ಕೂಟಗಳನ್ನು ಕೂಡಿಸಿದ ಜಾಲ. ಷಿಕಾಗೊದ ಗಮಾಲಿಯಲ್ ಸಂಸ್ಥೆಯ ಸಂಘಟನಾ ಪರಂಪರೆಗೆ ಸೇರಿದ್ದು. ಮಿಲ್ವಾಕಿಯ ಒಕ್ಕೂಟ ಮೈಕಾ, ಮ್ಯಾಡಿಸನ್ನಿನದು ಮೋಸೆಸ್, ಗ್ರೀನ್ ಬೇಯದು ಜೋಶುವಾ, ಫಾಕ್ಸ್ ಕಣಿವೆಯದು ಎಸ್ತರ್. ಕನ್ನಡ ಬೈಬಲ್ ಓದಿದವರು ಇವರಲ್ಲಿ ಮೀಕನನ್ನೂ ಮೋಶೆಯನ್ನೂ ಯೆಹೋಶುವನನ್ನೂ ಎಸ್ತೇರಳನ್ನೂ ಗುರುತಿಸುತ್ತಾರೆ. ಸದಸ್ಯ ಸಭೆಗಳಲ್ಲಿ ಕ್ರೈಸ್ತ ಪಂಗಡಗಳೇ ಹೆಚ್ಚು. ಉದಾರ ಧಾರ್ಮಿಕ ಪಂಗಡವಾದ ಯೂನಿಟೇರಿಯನ್ನರು, ಯೆಹೂದ್ಯರು, ಮುಸ್ಲಿಮರು ಕೂಡ ಈ ಕೆಲಸದಲ್ಲಿ ಜೊತೆಗೂಡಿದ್ದಾರೆ. ಸೆರೆಯವರನ್ನು ಕಾಣಲು ಹೋಗುವುದನ್ನು ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ ಕ್ರೈಸ್ತರಿಗೆ ನೆನಪಿಸುತ್ತದೆ. ಸೆರೆಯಾಳನ್ನು ಬಿಡಿಸುವುದು ಯೆಹೂದ್ಯರಿಗೆ ದೊಡ್ಡ ಧರ್ಮಕಾರ್ಯ. ಸೆರೆಯಾಳಿಗೆ ಉಣಬಡಿಸುವವರನ್ನು ಕುರ್‌ಆನ್‌ನ 76ನೇ ಅಧ್ಯಾಯ ಹೊಗಳುತ್ತದೆ.

ಇಲ್ಲಿ ನಾವು ನಿಂತು ಗಮನಿಸಬೇಕಾದದ್ದು ಸೇರುವ ಬಗೆ. ಒಕ್ಕೂಟಕ್ಕೆ ಸೇರುವುದು ಭಕ್ತರು ಬಿಡಿಬಿಡಿಯಾಗಿ ಅಲ್ಲ, ಇಡೀ ಸಭೆಯೇ ಒಂದು ಸಂಸ್ಥೆಯಾಗಿ ಸೇರುತ್ತದೆ, ವಂತಿಗೆ ಕೊಡುತ್ತದೆ, ತನ್ನೊಳಗೆ ಒಂದು ಮುಂದಾಳು ತಂಡವನ್ನು ಕಟ್ಟಿಕೊಳ್ಳುತ್ತದೆ. ಆ ತಂಡದವರು ಸದಸ್ಯರೊಂದಿಗೆ ಒಬ್ಬೊಬ್ಬರಾಗಿ ಕುಳಿತು ಮಾತಾಡುತ್ತಾರೆ. ಮಗ ಸೆರೆಯಲ್ಲಿರುವುದನ್ನು ನಾಚಿಕೆಯಿಂದ ಯಾರಿಗೂ ಹೇಳದೆ ವರ್ಷಗಟ್ಟಲೆ ಅದೇ ಬೆಂಚಿನಲ್ಲಿ ಕುಳಿತು ಪ್ರಾರ್ಥಿಸಿದ ತಾಯಿಯಂಥವರು ಬಾಯಿಬಿಡುವುದು ಇಂಥ ಮಾತುಕತೆಯಲ್ಲೇ. ಅಭ್ಯರ್ಥಿಗಳ ಪರ ಪ್ರಚಾರ ಮಾಡುವುದನ್ನು 1954ರಲ್ಲಿ ತೆರಿಗೆ ಕಾನೂನಿಗೆ ಸೇರಿದ ನಿಯಮ ಧಾರ್ಮಿಕ ಸಂಸ್ಥೆಗಳಿಗೆ ನಿಷೇಧಿಸಿತು, ಆದರೆ ಕಾನೂನು ಬದಲಾಗಲಿ ಎಂದು ಮಿತಿಯೊಳಗೆ ಒತ್ತಾಯಿಸಲು ತಡೆಯಿಲ್ಲ.

ಒತ್ತಾಯಕ್ಕೆ ಒಂದು ಅಂಕಿಯನ್ನು ಕೊಟ್ಟದ್ದು ವಿಸ್ಡಮ್‌ನ ಜಾಣತನ. ರಾಜ್ಯದ ಪ್ರಿಸನ್‌ಗಳಲ್ಲಿದ್ದ ಸುಮಾರು 22 ಸಾವಿರ ಕೈದಿಗಳ ಸಂಖ್ಯೆಯನ್ನು 2015ರೊಳಗೆ 11 ಸಾವಿರಕ್ಕೆ ಇಳಿಸಬೇಕೆಂಬುದೇ ಆ ಅಭಿಯಾನದ ಹೆಸರೂ ಆಯಿತು. ಜನಸಂಖ್ಯೆಯಲ್ಲಿ ಹೆಚ್ಚುಕಡಿಮೆ ಸಮನಾದ ನೆರೆಯ ಮಿನ್ನೆಸೋಟಾ ಅದರ ಅರ್ಧದಷ್ಟು ಕೈದಿಗಳೊಡನೆ ನಡೆಯುತ್ತಿತ್ತಾದ್ದರಿಂದ, ಈ ಅಂಕಿ ಕನಸೆಂದು ತಳ್ಳಿಹಾಕುವಂಥದ್ದಾಗಿರಲಿಲ್ಲ. 2010ರ ಜನಗಣತಿಯ ಪ್ರಕಾರ ವಿಸ್ಕಾನ್ಸಿನ್‌ನಲ್ಲಿ ದುಡಿಯುವ ವಯಸ್ಸಿನ ಕಪ್ಪು ಪುರುಷರಲ್ಲಿ ಶೇ 12.8ರಷ್ಟು ಮಂದಿ ಸೆರೆಯಲ್ಲಿದ್ದರು. ದೇಶದ ಸರಾಸರಿ ಶೇ 6.7.

ದಾರಿ ಯಾವುದೆಂದರೆ, ವ್ಯಸನ ಅಥವಾ ಮಾನಸಿಕ ಅಸ್ವಾಸ್ಥ್ಯದಿಂದ ತಪ್ಪು ಮಾಡಿದವರನ್ನು ಸೆರೆಗೆ ಕಳುಹಿಸದೆ ಚಿಕಿತ್ಸೆಗೆ ಕಳುಹಿಸುವುದು. ಇದಕ್ಕೆ ರಾಜ್ಯದಲ್ಲಿ ಒಂದು ಸಣ್ಣ ಯೋಜನೆ ಮೊದಲೇ ಇತ್ತು. ಅದಕ್ಕೆ ಹಾಕಿದ ಪ್ರತಿ ಡಾಲರಿಗೆ 1.93 ಡಾಲರಿನ ಪ್ರಯೋಜನ ದೊರೆಯುತ್ತದೆಂದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ 2011ರ ಮೌಲ್ಯಮಾಪನ ತೋರಿಸಿತು. ವರ್ಷಕ್ಕೆ 75 ದಶಲಕ್ಷ ಡಾಲರ್ ಕೊಡಿ ಎಂದು ವಿಸ್ಡಮ್ ಕೇಳಿತು. ದೊರೆತದ್ದು ಅದರ ಸಣ್ಣ ಪಾಲು, ಆದರೂ ಯೋಜನೆ ಕ್ರಮೇಣ 72 ಕೌಂಟಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವನ್ನು ಮುಟ್ಟಿತು.

ಒಂಟಿ ಸೆರೆಯ ವಿಷಯದಲ್ಲಿ ಧರ್ಮಗಳ ಪಾತ್ರ ಇನ್ನಷ್ಟು ತೊಡಕಿನದು. 1829ರಲ್ಲಿ ಫಿಲಡೆಲ್ಫಿಯಾದಲ್ಲಿ ತೆರೆದ ಈಸ್ಟರ್ನ್ ಸ್ಟೇಟ್ ಸೆರೆಮನೆಯಲ್ಲಿ ಕೈದಿಯನ್ನು ಒಂಟಿಯಾಗಿರಿಸಿದ್ದು ಅವನು ಪಶ್ಚಾತ್ತಾಪಪಡಲಿ ಎಂದು. ಆ ಯೋಚನೆಯ ಹಿಂದೆ ಕ್ವೇಕರರೆಂಬ ಕ್ರೈಸ್ತ ಪಂಗಡದವರ ಭಕ್ತಿಯಿತ್ತು. ಆ ಸದುದ್ದೇಶವೇ ಮುಂದೆ ಎಂಥ ಯಾತನೆಗೆ ದಾರಿಯಾಯಿತೆಂಬುದನ್ನು ಮರೆಯಬಾರದೆಂದು ನನಗೆ ಬಲವಾಗಿ ಅನಿಸುತ್ತದೆ. ವಿಸ್ಡಮ್ ಒಂಟಿ ಸೆರೆಯ ಕೋಣೆಯ ಪ್ರತಿಕೃತಿಯೊಂದನ್ನು ಕಟ್ಟಿ ಊರೂರಿಗೆ ಒಯ್ದಿತು. ಅದರೊಳಗೆ ಬಾಗಿಲು ಮುಚ್ಚಿಕೊಂಡು ಕುಳಿತವರಿಗೆ ಅಂಕಿಅಂಶ ವಿವರಿಸುವ ಅಗತ್ಯ ಅಷ್ಟಾಗಿ ಇರಲಾರದು.

2015 ಮುಗಿದಾಗ ಕೈದಿಗಳ ಸಂಖ್ಯೆ ಸುಮಾರು 22 ಸಾವಿರದಲ್ಲೇ ಇತ್ತು. ಕಾರಣವನ್ನು ಕಾನೂನಿನಲ್ಲಿ ಹುಡುಕಬೇಕು. 1999ರ ಡಿಸೆಂಬರ್ 31ರಿಂದ ಎಸಗಿದ ಅಪರಾಧಗಳಿಗೆ ಪೆರೋಲ್ ಇಲ್ಲದಂತಾಗಿ, ವಿಧಿಸಿದ ಸೆರೆವಾಸವನ್ನು ಪೂರ್ತಿ ಕಳೆದ ಮೇಲೆ ದೀರ್ಘ ಮೇಲ್ವಿಚಾರಣೆಯೂ ಕಡ್ಡಾಯವಾಯಿತು. ಆ ಅವಧಿಯಲ್ಲಿ ಹೊಸ ಅಪರಾಧವೇನೂ ಸಾಬೀತಾಗದಿದ್ದರೂ ಷರತ್ತು ಮುರಿದರೆಂದು ಜನರನ್ನು ಮರಳಿ ಸೆರೆಗೆ ಕಳುಹಿಸಬಹುದು. ಆದ್ದರಿಂದ ಅಭಿಯಾನ ಹೆಸರನ್ನು ಬದಲಿಸಿಕೊಂಡು, ಈ ಮರುಸೆರೆಯನ್ನೂ ಹಳೆಯ ಕಾನೂನಿನಡಿ ಪೆರೋಲ್‌ಗೆ ಅರ್ಹರಾಗಿ ಕಾಯುತ್ತಿರುವವರ ಪ್ರಶ್ನೆಯನ್ನೂ ಮುಂದಿಟ್ಟಿತು. ಸ್ವತಃ ಸೆರೆವಾಸ ಕಂಡವರ ಸಂಘಟನೆಯಾದ ಎಕ್ಸ್‌ಪೋ ಇದೇ ಜಾಲದೊಳಗೆ ಬೆಳೆದು, ಶಾಸಕರ ಮುಂದೆ ಈಗ ಸಭಾಪಾಲಕರ ಪಕ್ಕದಲ್ಲಿ ನಿಂತು ಮಾತಾಡುತ್ತಿದೆ.