ಅರ್ಥದ ಪ್ರಶ್ನೆ ಗಣಿತದಿಂದ ಬಂದ ಕಥೆ

ಮಾತಿಗೆ ಅರ್ಥ ಹೇಗೆ ಬರುತ್ತದೆ? ಇದು ಬಹಳ ಹಳೆಯ ಪ್ರಶ್ನೆ. ಆದರೆ ತತ್ವಶಾಸ್ತ್ರ ಇವತ್ತು ಅದನ್ನು ಕೇಳುವ ರೀತಿಗೆ ಕಾರಣ ಒಬ್ಬ ಗಣಿತದ ಮೇಷ್ಟ್ರು. ಜರ್ಮನಿಯ ಯೇನಾ ವಿಶ್ವವಿದ್ಯಾಲಯದಲ್ಲಿದ್ದ ಗಾಟ್‌ಲೋಬ್ ಫ್ರೆಗೆ. ಅಂಕಗಣಿತವನ್ನು ತರ್ಕದ ಮೇಲೆ ನಿಲ್ಲಿಸಬೇಕೆಂಬುದು ಅವರ ಹಟ. ಅದಕ್ಕಾಗಿ 1879ರಲ್ಲಿ ಹೊಸ ಸಂಕೇತಲಿಪಿಯನ್ನೇ ಕಟ್ಟಿದರು.

ಅವರನ್ನು ಬಿಡದೆ ಕಾಡಿದ್ದು ಸಮ ಚಿಹ್ನೆ. 'ಅ = ಅ' ಎಂದರೆ ಹೊಸದೇನೂ ತಿಳಿಯುವುದಿಲ್ಲ. 'ಅ = ಆ' ಎಂದರೆ ತಿಳಿಯುತ್ತದೆ. ಎರಡು ಕಡೆಯೂ ಇರುವುದು ಒಂದೇ ವಸ್ತು, ಅಲ್ವಾ? ಮತ್ತೆ ಈ ವ್ಯತ್ಯಾಸ ಯಾಕೆ? ಉತ್ತರ ಬಂದದ್ದು 1892ರ ಪ್ರಬಂಧದಲ್ಲಿ. ಬೆಳಗಿನ ಜಾವದ ನಕ್ಷತ್ರ, ಸಂಜೆಯ ನಕ್ಷತ್ರ, ಎರಡೂ ಶುಕ್ರ ಗ್ರಹವೇ. ಇದು ಗೊತ್ತಿಲ್ಲದವರು 'ಬೆಳಗಿನ ನಕ್ಷತ್ರಕ್ಕೆ ಸೂರ್ಯನಿಂದ ಬೆಳಕು' ಎಂಬುದನ್ನು ಒಪ್ಪಿ, ಸಂಜೆಯದರ ಬಗ್ಗೆ ಅದೇ ಮಾತನ್ನು ಅಲ್ಲಗಳೆಯಬಹುದು. ಹಾಗಾದರೆ ಹೆಸರು ತೋರಿಸುವ ವಸ್ತು ಬೇರೆ, ತೋರಿಸುವ ಬಗೆ ಬೇರೆ. ಅರ್ಥವನ್ನು ಹೀಗೆ ಎರಡಾಗಿ ಬಿಡಿಸಿದ್ದು ಆ ಕಾಲದ ಅತಿ ದೊಡ್ಡ ಹೆಜ್ಜೆ ಎಂದು ನನ್ನ ನಂಬಿಕೆ.

ಬ್ರಿಟನ್ನಿನ ತತ್ವಜ್ಞಾನಿ ಬರ್ಟ್ರಂಡ್ ರಸಲ್‌ಗೆ ಇದು ಸಾಲಲಿಲ್ಲ. 'ಫ್ರಾನ್ಸಿನ ಈಗಿನ ರಾಜ ಬೋಳುತಲೆಯವನು'. ಅವರು ಇದರ ಬಗ್ಗೆ ಬರೆದ 1905ರಲ್ಲಿ ಅಲ್ಲಿ ರಾಜನೇ ಇರಲಿಲ್ಲ. ಹಾಗಾದರೆ ಈ ಮಾತು ಯಾರ ಬಗ್ಗೆ? ರಸಲ್ ವಾಕ್ಯವನ್ನೇ ಬಿಚ್ಚಿದರು: ಫ್ರಾನ್ಸಿಗೆ ರಾಜನಿದ್ದಾನೆ, ಒಬ್ಬನೇ ಇದ್ದಾನೆ, ಅವನ ತಲೆ ಬೋಳು. ಮೊದಲ ತುಂಡೇ ಸುಳ್ಳು, ಆದ್ದರಿಂದ ಇಡೀ ವಾಕ್ಯ ಸುಳ್ಳು. ಇಲ್ಲದ ರಾಜನನ್ನು ಎಲ್ಲೋ ಇದ್ದಾನೆಂದು ಊಹಿಸುವ ಅಗತ್ಯವೇ ಬೀಳಲಿಲ್ಲ. 1950ರಲ್ಲಿ ಇನ್ನೊಬ್ಬ ಬ್ರಿಟಿಷ್ ತತ್ವಜ್ಞಾನಿ ಸ್ಟ್ರಾಸನ್ ಇದನ್ನು ಒಪ್ಪಲಿಲ್ಲ. ರಾಜನೇ ಇಲ್ಲದಿದ್ದರೆ ನಿಜ-ಸುಳ್ಳಿನ ಪ್ರಶ್ನೆಯೇ ಏಳುವುದಿಲ್ಲ ಎಂದರು.

ಈ ನಡುವೆ ಮಾತಿಗೂ ಜಗತ್ತಿಗೂ ಇರುವ ನಂಟನ್ನು ಮಾತಿನಲ್ಲಿ ಹೇಳಲಾಗದು, ಅದು ತಾನಾಗಿ ತೋರಬೇಕಷ್ಟೆ ಎಂದು ಆಸ್ಟ್ರಿಯಾದ ತತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ 1921ರಲ್ಲಿ ವಾದಿಸಿದ್ದರು. ವಿಯೆನ್ನಾದ ಹಲವು ಚಿಂತಕರಿಗೂ 'ಸತ್ಯ' ಎಂಬ ಪದದ ಮೇಲೆ ಅನುಮಾನವಿತ್ತು. 'ಈ ವಾಕ್ಯ ಸುಳ್ಳು' ಎಂಬ ಹಳೇ ಒಗಟು ಬೇರೆ. ಅದು ನಿಜವಾದರೆ ಸುಳ್ಳು, ಸುಳ್ಳಾದರೆ ನಿಜ. ಪೋಲೆಂಡಿನ ತರ್ಕಶಾಸ್ತ್ರಜ್ಞ ಆಲ್‌ಫ್ರೆಡ್ ಟಾರ್ಸ್ಕಿ 1933ರಲ್ಲಿ ದಾರಿ ತೋರಿಸಿದರು. ಒಂದು ಭಾಷೆಯ ಸತ್ಯದ ಬಗ್ಗೆ ಆಡುವ ಮಾತು ಅದಕ್ಕಿಂತ ಮೇಲಿನ ಇನ್ನೊಂದು ಭಾಷೆಯಲ್ಲಿರಬೇಕು. 1935ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ತತ್ವಶಾಸ್ತ್ರದ ಸಮ್ಮೇಳನದಲ್ಲಿ ಆ ವಿಯೆನ್ನಾ ಚಿಂತಕರ ಪೈಕಿ ಕಾರ್ನಾಪ್ ಟಾರ್ಸ್ಕಿಯ ಪರ ನಿಂತರು. ನ್ಯೂರಾಟ್ ಬಲವಾಗಿ ವಿರೋಧಿಸಿದರು.

ಟಾರ್ಸ್ಕಿಗೆ ಮಾತ್ರ ದಿನಬಳಕೆಯ ಭಾಷೆಯಲ್ಲಿ ಇದು ನಡೆದೀತೆಂಬ ನಂಬಿಕೆ ಇರಲಿಲ್ಲ. ಅಮೆರಿಕದ ತತ್ವಜ್ಞಾನಿ ಡೊನಾಲ್ಡ್ ಡೇವಿಡ್‌ಸನ್ 1967ರಲ್ಲಿ ಸತ್ಯವನ್ನು ವಿವರಿಸುವ ಟಾರ್ಸ್ಕಿಯ ಅದೇ ಸಾಧನವನ್ನು ಆಡುಮಾತಿನ ಅರ್ಥ ವಿವರಿಸಲು ಕೈಗೆತ್ತಿಕೊಂಡರು.