ಸ್ಟಾರ್ಟರ್ ಸೆಟ್‌ನ ಐರನ್ ಬದಲಿಸುವ ಹೊತ್ತು ಬಂತಾ?

ಓದುಗರ ಪ್ರಶ್ನೆ: ಗಾಲ್ಫ್ ಶುರು ಮಾಡಿ ಎರಡು ವರ್ಷ ಆಯ್ತು. ಬ್ಯಾಗ್ ಸಮೇತ ಸಿಗುವ ಸ್ಟಾರ್ಟರ್ ಸೆಟ್‌ನಲ್ಲೇ ಇನ್ನೂ ಆಡುತ್ತಿದ್ದೇನೆ. ಮೊದಲು 120ರ ಹತ್ತಿರ ಇರುತ್ತಿದ್ದ ಸ್ಕೋರ್ ಈಗ 100ರ ಆಸುಪಾಸಿಗೆ ಬಂದಿದೆ. ಜೊತೆಗೆ ಆಡುವವರೆಲ್ಲ "ಇನ್ನಾದರೂ ಒಳ್ಳೆ ಐರನ್ ತಗೊಳ್ಳಿ" ಅನ್ನುತ್ತಿದ್ದಾರೆ (ಐರನ್ ಅಂದರೆ ಚಪ್ಪಟೆ ಲೋಹದ ತಲೆಯ, ನಂಬರ್ ಹಾಕಿದ ಕ್ಲಬ್). ಈಗಲೇ ಬದಲಿಸಬೇಕಾ, ಇನ್ನೂ ಕಾಯಬೇಕಾ?

ಉತ್ತರ: ಸ್ಕೋರ್ ನೋಡಿ ಇದನ್ನು ತೀರ್ಮಾನ ಮಾಡಬೇಡಿ. ಗಾಲ್ಫ್‌ನಲ್ಲಿ ಹೊಡೆತ ಕಡಿಮೆ ಆದಷ್ಟೂ ಒಳ್ಳೆಯದು, ಆದರೆ 120 ಇದ್ದದ್ದು 100ಕ್ಕೆ ಇಳಿಯಲು ನೂರು ಕಾರಣ ಇರುತ್ತವೆ. ಗ್ರೀನ್ (ಗುಳಿಯ ಸುತ್ತಲಿನ ನುಣುಪು ಹುಲ್ಲು) ಮೇಲೆ ಮೂರು ಪಟ್ ಹೊಡೆಯುವುದು ಕಡಿಮೆಯಾಗಿರಬಹುದು, ಚೆಂಡು ಕಳೆದುಕೊಂಡು ಪೆನಾಲ್ಟಿ ಕಟ್ಟುವುದು ತಪ್ಪಿರಬಹುದು. ಅದರಲ್ಲಿ ಐರನ್ ಪಾಲು ಎಷ್ಟು ಅಂತ ಸ್ಕೋರ್‌ಕಾರ್ಡ್ ಹೇಳುವುದಿಲ್ಲ. ನಾನಾದರೆ ಒಂದೇ ಒಂದು ವಿಷಯ ನೋಡುತ್ತೇನೆ: ನಿಮ್ಮ ಕೆಟ್ಟ ಹೊಡೆತಗಳು ಹೆಚ್ಚೂಕಡಿಮೆ ಒಂದೇ ಥರ ಕೆಡುತ್ತಿವೆಯಾ? ಹೌದಾದರೆ ಹೊಸ ಐರನ್ ಮಾತು ಆಡಬಹುದು. ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ, ಮಧ್ಯೆ ಒಂದು ನೆಲಕ್ಕೆ ಅಂತಿದ್ದರೆ ಆ ದುಡ್ಡು ಕೋಚ್‌ಗೆ ಹೋಗಲಿ.

ಇದನ್ನು ಕಂಡುಕೊಳ್ಳೋದು ಕಷ್ಟ ಏನಲ್ಲ. ಪಾದಕ್ಕೆ ಹಾಕಿಕೊಳ್ಳುವ ಪೌಡರ್ ಸ್ಪ್ರೇ ಸಿಗುತ್ತದಲ್ಲ, ಅದನ್ನು 7 ಐರನ್‌ನ ಮುಖಕ್ಕೆ ತೆಳುವಾಗಿ ಹೊಡೆಯಿರಿ. ಬಿಳಿ ಪದರ ಕೂರುತ್ತದೆ. ಚೆಂಡು ತಾಗಿದ ಕಡೆ ಪದರ ಅಳಿಸಿ ದುಂಡನೆಯ ಗುರುತು ಮೂಡುತ್ತದೆ. ಹತ್ತು ಚೆಂಡು ಹೊಡೆಯಿರಿ, ಫೋನ್‌ನಲ್ಲಿ ಫೋಟೋ ತೆಗೆಯಿರಿ, ಒರೆಸಿ ಮತ್ತೆ ಹತ್ತು ಹೊಡೆಯಿರಿ. ಒಂದೇ ದಿನ ಮಾಡಿ ಬಿಡಬೇಡಿ. ಮೈ ಚೆನ್ನಾಗಿದ್ದ ದಿನವೂ ಮಾಡಿ, ದಣಿದ ದಿನವೂ ಮಾಡಿ. ಆಮೇಲೆ ಫೋಟೋಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡಿ.

ಗುರುತುಗಳು ಮುಖದ ತುಂಬ ಚೆಲ್ಲಾಡಿದ್ದರೆ ಉತ್ತರ ಅಲ್ಲೇ ಇದೆ, ಇನ್ನೂ ಕಾಯಿರಿ. ಎಲ್ಲ ಗುರುತೂ ಒಂದೇ ಕಡೆ ಗುಂಪಾಗಿದ್ದರೆ, ಆ ಗುಂಪು ನಡುವಿನಿಂದ ಸ್ವಲ್ಪ ಟೋ (ಕ್ಲಬ್ ತಲೆಯ ಹೊರತುದಿ) ಕಡೆಗೋ ಹೀಲ್ (ಕೋಲು ಸೇರುವ ತುದಿ) ಕಡೆಗೋ ಸರಿದಿದ್ದರೂ ಪರವಾಗಿಲ್ಲ, ಅದು ಒಳ್ಳೆ ಸುದ್ದಿ. ನಿಮ್ಮ ಸ್ವಿಂಗ್ ಒಂದು ಹದಕ್ಕೆ ಬಂದಿದೆ ಅಂತ ಅರ್ಥ. ಹದಕ್ಕೆ ಬಂದ ಸ್ವಿಂಗ್‌ಗೆ ಮಾತ್ರ ಐರನ್ ಹೊಂದಿಸಲು ಆಗುತ್ತದೆ. ದಿನಕ್ಕೊಂದು ಥರ ಬದಲಾಗುವ ಸ್ವಿಂಗ್‌ಗೆ ಯಾವ ಫಿಟಿಂಗ್ ಮಾಡಿಸಿದರೂ ಬರುವ ತಿಂಗಳಿಗೆ ಅದು ತಪ್ಪಾಗುತ್ತದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ಗಾಲ್ಫ್‌ನಲ್ಲಿ ಎಷ್ಟೋ ಸಲ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ! ಸ್ಟಾರ್ಟರ್ ಸೆಟ್ ಮಾಡುವುದು ಸರಾಸರಿ ಎತ್ತರದವರಿಗೆ. ನೀವು ಅದಕ್ಕಿಂತ ಜಾಸ್ತಿ ಎತ್ತರ ಅಥವಾ ಕುಳ್ಳಗಿದ್ದರೆ, ಕೈ ಉದ್ದ ಇದ್ದರೆ, ಆ ಐರನ್ ನಿಮ್ಮ ಕೈಯಲ್ಲಿ ನೆಲದ ಮೇಲೆ ಸರಿಯಾಗಿ ಕೂರುವುದೇ ಇಲ್ಲ. ಕ್ಲಬ್‌ನ ಕೋಲಿಗೂ (ಶಾಫ್ಟ್) ನೆಲಕ್ಕೂ ನಡುವಿನ ಈ ಕೋನವನ್ನೇ ಲೈ ಆಂಗಲ್ ಅನ್ನುವುದು. ಚೆಂಡು ತಾಗುವ ಹೊತ್ತಿಗೆ ಟೋ ಮೇಲೆದ್ದಿದ್ದರೆ ಮುಖ ಎಡಕ್ಕೆ ತಿರುಗಿರುತ್ತದೆ, ಟೋ ನೆಲಕ್ಕೆ ಒತ್ತಿದ್ದರೆ ಬಲಕ್ಕೆ. (ಬಲಗೈ ಆಟಗಾರರ ಲೆಕ್ಕ ಇದು, ಎಡಗೈಯವರು ತಿರುಗಿಸಿಕೊಳ್ಳಿ.) ಚೆನ್ನಾಗಿ ಹೊಡೆದ ಚೆಂಡೂ ಗುರಿಯ ಪಕ್ಕಕ್ಕೆ ಹೋದಾಗ ಆಟಗಾರ ಸ್ವಿಂಗ್ ತಿದ್ದಲು ಹೊರಡುತ್ತಾನೆ. ಸರಿ ಇದ್ದದ್ದೂ ಹಾಳಾಗುತ್ತದೆ. ನನಗೆ ಬೇಜಾರಾಗುವುದು ಇದಕ್ಕೇ.

ಲೈ ನೋಡಲು ಒಂದು ಮಾರ್ಕರ್ ಸಾಕು. ವೈಟ್‌ಬೋರ್ಡ್ ಮೇಲೆ ಬರೆಯುವ ಮಾರ್ಕರ್‌ನಿಂದ ಚೆಂಡಿನ ಮೇಲೆ ದಪ್ಪ ಗೆರೆ ಎಳೆಯಿರಿ. ಆ ಗೆರೆ ನೆಟ್ಟಗೆ ನಿಂತು ಐರನ್ ಮುಖವನ್ನು ನೋಡುವ ಹಾಗೆ ಚೆಂಡಿಟ್ಟು ಹೊಡೆಯಿರಿ. ಮುಖದ ಮೇಲೆ ಗೆರೆ ಅಚ್ಚಾಗುತ್ತದೆ. ಗ್ರೂವ್‌ಗಳಿಗೆ (ಮುಖದ ಮೇಲಿನ ಅಡ್ಡ ಗೀರುಗಳಿಗೆ) ಲಂಬವಾಗಿ ಬಿದ್ದರೆ ಲೈ ಸರಿ ಇದೆ. ಗೆರೆಯ ಮೇಲ್ತುದಿ ಟೋ ಕಡೆಗೆ ವಾಲಿದ್ದರೆ ಐರನ್ ನಿಮಗೆ ಜಾಸ್ತಿ ನೆಟ್ಟಗಿದೆ, ಹೀಲ್ ಕಡೆಗೆ ವಾಲಿದ್ದರೆ ಜಾಸ್ತಿ ಮಲಗಿದೆ. ಅಷ್ಟಕ್ಕೇ ಹೊಸ ಸೆಟ್ ಬೇಕಿಲ್ಲ. ಕ್ಲಬ್ ರಿಪೇರಿ ಮಾಡುವವರು ಹೆಡ್ ಬಗ್ಗಿಸಿ ಸರಿ ಮಾಡಿಕೊಡುತ್ತಾರೆ. ಫೋರ್ಜ್ ಮಾಡಿದ ಮೆತ್ತನೆ ಉಕ್ಕು ಸಲೀಸಾಗಿ ಬಗ್ಗುತ್ತದೆ. ಎರಕದ ಸ್ಟೇನ್‌ಲೆಸ್ ಸ್ಟೀಲ್ ಹೆಡ್ ಗಟ್ಟಿ, ಸಾಮಾನ್ಯವಾಗಿ ಒಂದೆರಡು ಡಿಗ್ರಿಗೆ ನಿಲ್ಲಿಸುತ್ತಾರೆ. ಅದಕ್ಕಿಂತ ಜಾಸ್ತಿ ಬೇಕಾದರೆ, ಉದ್ದವೂ ಹೊಂದದಿದ್ದರೆ, ಆಗ ಹೊಸ ಸೆಟ್‌ಗೆ ನಿಜವಾದ ಕಾರಣ ಸಿಕ್ಕಿತು.

ಗ್ರಿಪ್ ನುಣ್ಣಗಾಗಿ ಜಾರುತ್ತಿದ್ದರೆ ಮೊದಲು ಅದನ್ನು ಬದಲಿಸಿ. ಇಡೀ ಸೆಟ್‌ನ ಬೆಲೆಯ ಮುಂದೆ ಅದು ಏನೂ ಅಲ್ಲ.

ಶಾಫ್ಟ್ ವಿಷಯದಲ್ಲಿ ಫ್ಲೆಕ್ಸ್‌ಗಿಂತ (ಅದು ಎಷ್ಟು ಬಾಗುತ್ತದೆ ಅನ್ನುವುದಕ್ಕಿಂತ) ತೂಕಕ್ಕೆ ಗಮನ ಕೊಡಿ. ರೆಗ್ಯುಲರ್, ಸ್ಟಿಫ್ ಅಂತ ಬರೆದಿರುತ್ತಾರಲ್ಲ, ಅದಕ್ಕೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಒಬ್ಬರ ರೆಗ್ಯುಲರ್ ಇನ್ನೊಬ್ಬರ ಸ್ಟಿಫ್ ಇದ್ದ ಹಾಗೆ ಇರಬಹುದು. ತೂಕ ಹಾಗಲ್ಲ, ಗ್ರಾಂ ಅಂದರೆ ಗ್ರಾಂ. ಐರನ್‌ನ ಗ್ರ್ಯಾಫೈಟ್ ಶಾಫ್ಟ್‌ಗಳು ಹೆಚ್ಚಾಗಿ 50ರಿಂದ 80 ಗ್ರಾಂ ಒಳಗೆ ಸಿಗುತ್ತವೆ, ಸ್ಟೀಲ್ ಶಾಫ್ಟ್‌ಗಳು 90ರಿಂದ 130ರವರೆಗೆ ಹೋಗುತ್ತವೆ. ಕೊನೆಯ ನಾಲ್ಕೈದು ಹೋಲ್‌ನಲ್ಲಿ ತೋಳು ಸೋತು ಚೆಂಡು ದೂರ ಹೋಗದೆ ಗಿಡ್ಡವಾಗಿ ಬೀಳುತ್ತಿದ್ದರೆ ಶಾಫ್ಟ್ ಭಾರ ಜಾಸ್ತಿ ಇರಬಹುದು. ಕೈಯಲ್ಲಿ ಕ್ಲಬ್ ಇದೆಯೋ ಇಲ್ಲವೋ ಅನ್ನಿಸಿ ತಾಳ ತಪ್ಪುತ್ತಿದ್ದರೆ ಹಗುರ ಆಯ್ತು ಅಂತ ಅನುಮಾನ ಪಡಿ.

ಈಗ ಅಂಗಡಿಯ ಮಾತು. ಹೊಸ 7 ಐರನ್ ಕೈಗೆ ಕೊಟ್ಟು, ಲಾಂಚ್ ಮಾನಿಟರ್ (ಹೊಡೆತ ಅಳೆಯುವ ಯಂತ್ರ) ಮುಂದೆ ನಿಲ್ಲಿಸಿ, "ನೋಡಿ, 15 ಗಜ ಜಾಸ್ತಿ ಬಂತು" ಅಂತ ತೋರಿಸುತ್ತಾರೆ. ಮರುಳಾಗಬೇಡಿ. ಮೊದಲು ಎರಡೂ ಐರನ್‌ನ ಲಾಫ್ಟ್, ಅಂದರೆ ಮುಖ ಹಿಂದಕ್ಕೆ ವಾಲಿರುವ ಕೋನ, ಕೇಳಿ. ಅದು ಕಡಿಮೆ ಇದ್ದಷ್ಟೂ ಚೆಂಡು ದೂರ ಹೋಗುತ್ತದೆ. ಹಿಂದೆ 7 ಐರನ್ ಅಂದರೆ 34–35 ಡಿಗ್ರಿ ಇರುತ್ತಿತ್ತು. ಈಗ ಗೇಮ್ ಇಂಪ್ರೂವ್‌ಮೆಂಟ್ ಅಂತ ಮಾರುವ ಬಹಳಷ್ಟು ಸೆಟ್‌ಗಳಲ್ಲಿ ಅದು 28ರಿಂದ 30. ಅಂದರೆ ನೀವು ಹೊಡೆದದ್ದು ಹಳೆ ಲೆಕ್ಕದಲ್ಲಿ 5 ಮತ್ತು 6ರ ನಡುವಿನ ಐರನ್. ಅಡಿಯಲ್ಲಿ ಕೆತ್ತಿದ ನಂಬರ್ ಮಾತ್ರ 7. ಇದರಲ್ಲಿ ಪೂರಾ ಮೋಸ ಇದೆ ಅಂತ ನಾನು ಹೇಳುವುದಿಲ್ಲ. ಹೆಡ್‌ನ ತೂಕವನ್ನು ಕೆಳಗೆ, ಹಿಂದೆ ಇಡುವುದರಿಂದ ಲಾಫ್ಟ್ ಕಡಿಮೆ ಇದ್ದರೂ ಚೆಂಡು ಮೇಲೇಳುತ್ತದೆ. ಆದರೆ ಗ್ರೀನ್ ಮೇಲೆ ನಿಲ್ಲುತ್ತದಾ ಅನ್ನೋದು ಬೇರೆ ಪ್ರಶ್ನೆ. ಮಾನಿಟರ್‌ನಲ್ಲಿ ಚೆಂಡು ಇಳಿಯುವ ಕೋನವನ್ನೂ ನೋಡಿ. 45 ಡಿಗ್ರಿ ಹತ್ತಿರ ಇದ್ದರೆ ಭರವಸೆ ಇಡಬಹುದು. ಅದಕ್ಕಿಂತ ತುಂಬಾ ಚಪ್ಪಟೆಯಾಗಿ ಬಂದ ಚೆಂಡು ಗ್ರೀನ್ ದಾಟಿ ಓಡುತ್ತದೆ. ಅತಿ ದೂರ ಹೋದ ಒಂದು ಹೊಡೆತವನ್ನು ಮರೆತುಬಿಡಿ. ಅತಿ ಗಿಡ್ಡದ ಹೊಡೆತಕ್ಕೂ ಅತಿ ಉದ್ದದ್ದಕ್ಕೂ ನಡುವೆ ಅಂತರ ಎಷ್ಟಿದೆ ನೋಡಿ. ಹೊಸ ಐರನ್ ಆ ಅಂತರ ತಗ್ಗಿಸಿದರೆ ನಿಮಗೆ ನಿಜವಾಗಿ ಲಾಭ.

ಲಾಫ್ಟ್ ಇಳಿದದ್ದರ ಬಿಸಿ ಇನ್ನೊಂದು ಕಡೆ ತಟ್ಟುತ್ತದೆ. ಇಂಥ ಸೆಟ್‌ಗಳ ಪಿಚಿಂಗ್ ವೆಡ್ಜ್ (ವೆಡ್ಜ್ ಅಂದರೆ ಗ್ರೀನ್ ಹತ್ತಿರದ ಹೊಡೆತಕ್ಕೆ ಬಳಸುವ ಕ್ಲಬ್) 43 ಡಿಗ್ರಿ ಹತ್ತಿರ ಇರುತ್ತದೆ. ನಿಮ್ಮ ಸ್ಯಾಂಡ್ ವೆಡ್ಜ್ 56 ಆದರೆ ನಡುವೆ 13 ಡಿಗ್ರಿ ಖಾಲಿ. ಪಿನ್‌ಗೆ ಹತ್ತಿರ ಬಂದು ಸ್ಕೋರ್ ಉಳಿಸಬೇಕಾದ ಜಾಗದಲ್ಲೇ ಕೈಗೆ ಕ್ಲಬ್ ಇಲ್ಲ! ಈ ಅಂತರ ತುಂಬುವ ಗ್ಯಾಪ್ ವೆಡ್ಜ್ ಒಂದನ್ನು ಖರ್ಚಿನ ಲೆಕ್ಕಕ್ಕೆ ಸೇರಿಸಿಯೇ ಯೋಚಿಸಿ.

ಹೊಸದು ತಗೊಳ್ಳುವುದಾದರೆ ತೆಳ್ಳಗೆ ಹೊಳೆಯುವ ಬ್ಲೇಡ್ (ಹಿಂಭಾಗ ಟೊಳ್ಳಿಲ್ಲದ ಐರನ್) ಕಡೆಗೆ ಕಣ್ಣು ಹಾಯಿಸಬೇಡಿ. ಪಿಂಗ್ ಕಂಪನಿ ಕಟ್ಟಿದ ಎಂಜಿನಿಯರ್ ಕಾರ್ಸ್ಟನ್ ಸೋಲ್‌ಹೈಮ್, ತೂಕವನ್ನು ಹೆಡ್‌ನ ನಡುವಿನಿಂದ ಅಂಚುಗಳಿಗೆ ಸರಿಸಿದರು. ಚೆಂಡು ನಡುವಿನಿಂದ ಪಕ್ಕಕ್ಕೆ ತಾಗಿದರೂ ಹೆಡ್ ಅಷ್ಟಾಗಿ ತಿರುಚಿಕೊಳ್ಳದು ಅನ್ನುವ ಲೆಕ್ಕ ಅದು. 1982ರಲ್ಲಿ ಬಂದ ಅವರ ಐ 2 (Eye 2) ಐರನ್‌ಗಳನ್ನು ಸಾಮಾನ್ಯ ಆಟಗಾರರೂ ಬಳಸಿದರು, ದೊಡ್ಡ ಟೂರ್ನಿ ಆಡುವವರೂ ಬಳಸಿದರು. ಹಿಂಭಾಗ ಟೊಳ್ಳು ಬಿಟ್ಟ ಇಂಥ ಕ್ಯಾವಿಟಿ ಬ್ಯಾಕ್ ಐರನ್ ಕಲಿಯುವವರಿಗೆ ಮಾತ್ರ ಅನ್ನುವ ಮಾತು ತಪ್ಪು. ನೀವು 80ರ ಒಳಗೆ ಬಂದ ಮೇಲೂ ಅದರಲ್ಲೇ ಆಡಬಹುದು.

ಕೆಲವು ವರ್ಷ ಹಳೆಯ ಮಾಡೆಲ್ ಆದರೂ ನಡೆಯುತ್ತದೆ, ಬಳಸಿದ ಸೆಟ್ಟೂ ಆಗುತ್ತದೆ. ಗ್ರೂವ್ ಸವೆದಿದೆಯಾ ಅಂತ ಉಗುರಿನಿಂದ ತಡವಿ ನೋಡಿ, ಹಿಂದಿನವರು ಶಾಫ್ಟ್ ಉದ್ದ ಬದಲಿಸಿದ್ದಾರಾ, ಹೆಡ್ ಬಗ್ಗಿಸಿದ್ದಾರಾ ಅಂತ ಕೇಳಿ. ಟ್ರೈ ಮಾಡುವಾಗ ನಿಮ್ಮ ಹಳೆ 7 ಐರನ್ ಜೊತೆಗಿರಲಿ, ನೀವು ಆಡುವ ಚೆಂಡೇ ಇರಲಿ, ಆದರೆ ಮ್ಯಾಟ್ ಬಿಟ್ಟು ಹುಲ್ಲಿನ ಮೇಲೆ ಹೊಡೆಯಿರಿ. ಮ್ಯಾಟ್ ಮೇಲೆ ಚೆಂಡಿಗಿಂತ ಹಿಂದೆ ನೆಲಕ್ಕೆ ತಾಗಿದ ಹೊಡೆತವೂ ಜಾರಿಕೊಂಡು ಹೋಗಿ ಚೆಂದ ಕಾಣುತ್ತದೆ. ಇನ್ನು 4 ಐರನ್ ಆರ್ಡರ್ ಮಾಡಬೇಡಿ. 5ರಿಂದ ಪಿಚಿಂಗ್ ವೆಡ್ಜ್‌ವರೆಗೆ ತಗೊಂಡು, 4ರ ಜಾಗಕ್ಕೆ ಒಂದು ಹೈಬ್ರಿಡ್ (ಉದ್ದ ಐರನ್‌ಗಿಂತ ಹೊಡೆಯಲು ಸುಲಭವಾದ ಕ್ಲಬ್) ಹಾಕಿಕೊಳ್ಳಿ. ಬ್ಯಾಗ್‌ನಲ್ಲಿ 14 ಕ್ಲಬ್‌ಗೆ ಮಾತ್ರ ಅವಕಾಶ, ಗ್ಯಾಪ್ ವೆಡ್ಜ್‌ಗೂ ಜಾಗ ಬೇಕಲ್ಲ.